ಸಭೆ ಊಟಕ್ಕೂ ಎಲೆ ಲೆಕ್ಕ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆಯವನು. 20 ವರ್ಷಕ್ಕೂ ಜಾಸ್ತಿ ಮದ್ವೆ, ಗೃಹಪ್ರವೇಶ, ತಿಥಿ ಅಂತ ಅಡುಗೆ ಕಾಂಟ್ರ್ಯಾಕ್ಟ್ ಮಾಡಿದೀನಿ, ಈಗ ಮಂಡಿನೋವು ಅಂತ ಮಗನಿಗೆ ಬಿಟ್ಟಿದೀನಿ. ಪಾಲಿಕೆ, ಪುರಸಭೆ ಕೌನ್ಸಿಲ್ ಮೀಟಿಂಗಿನ ಊಟದ ಖರ್ಚಿನ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಮನಸಲ್ಲಿತ್ತು.

ಮದ್ವೆ ಮನೇಲಿ ಹೆಣ್ಣಿನ ಕಡೆಯವ್ರು ಒಬ್ರನ್ನ ಎಲೆ ಹತ್ರಾನೇ ಕೂರಿಸಿರ್ತಾರೆ, ಕಟ್ಟು ಎಣಿಸಿ ಕೊಡ್ತಾರೆ, ಕೊನೆ ಪಂಕ್ತಿ ಎದ್ಮೇಲೆ ಉಳಿದಿದ್ದು ಎಣಿಸಿ ವಾಪಸ್ ತಗೋತಾರೆ, ಹರಿದ ಎಲೆನೂ ತೋರಿಸ್ಬೇಕು, ಎಷ್ಟು ಎಲೆ ಹೋಯ್ತೋ ಅಷ್ಟಕ್ಕೇ ದುಡ್ಡು. ನಮಗೂ ಬೇಜಾರಿಲ್ಲ, ಅವರು ಸಾಲ ಮಾಡಿ ಊಟ ಹಾಕಿಸ್ತಿರ್ತಾರೆ, ಎಣಿಸ್ಲೇಬೇಕು.

ಕೆಲವು ವರ್ಷದ ಹಿಂದೆ ಒಂದು ಊರಿನ ಸ್ಥಳೀಯ ಸಂಸ್ಥೆ (ಹೆಸರು ಬೇಡ) ಸಾಮಾನ್ಯ ಸಭೆಗೆ ನನಗೆ ಆರ್ಡರ್ ಬಂತು. ಬೆಳಿಗ್ಗೆ ಕೇಸರಿಬಾತ್ ಉಪ್ಪಿಟ್ಟು, ಮಧ್ಯಾಹ್ನ ಹೋಳಿಗೆ ಊಟ. ನಾನು ಬಡಿಸಿದ್ದು ಎಪ್ಪತ್ತು ಚಿಲ್ರೆ ಎಲೆ, ಅದೂ ಡ್ರೈವರು, ಜವಾನ್ರು ಎಲ್ಲಾ ಸೇರಿ. ಬಿಲ್ 120ಕ್ಕೆ ಬರೆದುಕೊಡಿ ಅಂದ್ರು. ಆಗಲ್ಲ ಸಾರ್, ಎಷ್ಟು ಬಡಿಸಿದೀನೋ ಅಷ್ಟೇ ಬರೀತೀನಿ ಅಂದೆ. ಮುಂದಿನ ತಿಂಗಳಿಂದ ಆರ್ಡರ್ ಬೇರೆಯವ್ರಿಗೆ ಹೋಯ್ತು. ನನಗೆ ಆರ್ಡರ್ ಹೋಗಿದ್ದಕ್ಕಿಂತ ಜಾಸ್ತಿ ನೋವಾಗಿದ್ದು ಏನಂದ್ರೆ, ಆ ದುಡ್ಡು ನಮ್ಮಂಥವ್ರು ಏಪ್ರಿಲಲ್ಲಿ 5 ಪರ್ಸೆಂಟ್ ರಿಯಾಯ್ತಿ ಸಿಗುತ್ತೆ ಅಂತ ಕ್ಯೂನಲ್ಲಿ ನಿಂತು ಕಟ್ಟೋ ಮನೆ ಕಂದಾಯದ್ದು.

ಊಟಾನೇ ಬೇಡ ಅನ್ನಲ್ಲ. ಹನ್ನೊಂದಕ್ಕೆ ಶುರುವಾದ ಸಭೆ ಸಂಜೆ ನಾಕಾದ್ರೂ ಮುಗಿಯಲ್ಲ, ಶುಗರ್ ಇರೋರು ಇರ್ತಾರೆ, ಊಟ ಹಾಕಿ, ಹೊರಗೆ ಕಾಯ್ತಾ ಕೂತಿರೋ ಡ್ರೈವರ್ಗೂ ಹಾಕಿ. ಸಿಹಿ ಎರಡೆರಡು ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ, ಅದು ಬೇರೆ ಮಾತು. ನನ್ನ ತಕರಾರು ಎಣಿಸೋರು ಯಾರೂ ಇಲ್ಲ ಅನ್ನೋದು.

ನಮ್ಮ ಸರ್ಕಾರಿ ಶಾಲೆ ಬಿಸಿಯೂಟ ನೋಡ್ರಿ. ಐದನೇ ಕ್ಲಾಸ್ ತನಕದ ಮಗುಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ, ಇವತ್ತು ಎಷ್ಟು ಮಕ್ಕಳು ಉಂಡ್ರು ಅಂತ ದಿನಾ ಬರೀಬೇಕು, ತಾಳೆ ಆಗ್ಲಿಲ್ಲ ಅಂದ್ರೆ ಹೆಡ್ ಮಾಸ್ಟರೇ ಉತ್ತರ ಕೊಡ್ಬೇಕು. ಮಕ್ಕಳ ತಟ್ಟೆಗೆ ಇಷ್ಟು ಲೆಕ್ಕ ಇರೋವಾಗ ದೊಡ್ಡವ್ರ ಎಲೆಗೆ ಯಾಕಿಲ್ಲ ಹೇಳ್ರಿ?

ದಾರಿ ಕಷ್ಟದ್ದೇನಲ್ಲ. ಸಭೆಗೆ ಬಂದವ್ರು ಹಾಜರಿ ಪುಸ್ತಕದಲ್ಲಿ ಸೈನ್ ಮಾಡ್ತಾರೆ, ಸಿಬ್ಬಂದಿ ಎಷ್ಟು ಜನ ಅನ್ನೋದು ಆಫೀಸಿಗೆ ಗೊತ್ತಿರುತ್ತೆ, ಆ ಸಂಖ್ಯೆನ ಊಟದ ಬಿಲ್ಲಿನ ಪಕ್ಕ ಇಟ್ರೆ ಮುಗೀತು. ಮುಂದಿನ ಸಭೇಲಿ ಜಮಾ-ಖರ್ಚು ಮಂಜೂರಾತಿಗೆ ಇಡೋವಾಗ 'ಸಭಾ ಖರ್ಚು' ಅಂತ ಒಂದೇ ಸಾಲು ಬರೆದು ಮುಗಿಸ್ದೆ, ಯಾವ ದಿನ, ಎಷ್ಟು ಎಲೆ, ಎಲೆಗೆ ಎಷ್ಟು ರೇಟು, ಯಾರಿಗೆ ಆರ್ಡರ್ ಅಂತ ಬಿಡಿಸಿ ಬರೆದು ನೋಟಿಸ್ ಬೋರ್ಡಿಗೂ ಹಾಕ್ಲಿ. ಮಾಹಿತಿ ಹಕ್ಕಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ 30 ದಿನ ಕಾಯ್ಬೋದು ನಿಜ, ಆದ್ರೆ 2005ರ ಆ ಕಾಯ್ದೆಯ 4ನೇ ಸೆಕ್ಷನ್ನಲ್ಲೇ ಖರ್ಚಿನ ವಿವರ ಯಾರೂ ಕೇಳ್ದೆನೇ ತಾವಾಗೇ ಪ್ರಕಟಿಸ್ಬೇಕು ಅಂತ ಐತೆ.

45 ವಾರ್ಡಿರೋ ನಮ್ಮ ಮಹಾನಗರ ಪಾಲಿಕೆ ಇದನ್ನ ಮಾಡಿ ತೋರಿಸಿದ್ರೆ ಹರಿಹರ, ಚನ್ನಗಿರಿ, ಜಗಳೂರು ಕಡೆ ಜನಾನೂ ತಮ್ಮೂರಲ್ಲಿ ಧೈರ್ಯವಾಗಿ ಕೇಳ್ತಾರೆ. ಆರ್ಡರನ್ನ ಸ್ತ್ರೀಶಕ್ತಿ ಸಂಘದ ಹೆಣ್ಮಕ್ಕಳಿಗೆ ಕೊಟ್ರೆ ಇನ್ನೂ ಒಳ್ಳೇದು, ಅವ್ರ ಕೈ ಅಡುಗೆ ಎಷ್ಟೋ ಕಡೆ ಉಂಡಿದೀನಿ, ಚೆನ್ನಾಗಿ ಮಾಡ್ತಾರೆ. ಮೊದಲ ಎರಡ್ಮೂರು ಸಭೆಗೆ ಎಲೆ ಎಣಿಸೋಕೆ ಗೊತ್ತಿರೋರು ಬೇಕು ಅಂದ್ರೆ ನಾನೇ ಬರ್ತೀನಿ, ಒಂದು ಕುರ್ಚಿ ಹಾಕಿದ್ರೆ ಸಾಕು, ಕೂಲಿ ಬೇಡ.

– ನಿವೃತ್ತ ಅಡುಗೆ ಕಾಂಟ್ರ್ಯಾಕ್ಟರ್, ದಾವಣಗೆರೆ