ಐದು ಚಿತ್ರ, ಒಂದೇ ವಿಮರ್ಶೆ

ಪ್ರಿಯ ಕಿರಿಯ ಮಿತ್ರರಿಗೆ,

ನಮಸ್ಕಾರ. ನೀವು ಕಳಿಸಿದ ಐದು ವಿಮರ್ಶೆಗಳ ತುಣುಕುಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು ಓದಿದೆ. ಒಂದು ಹಾಸ್ಯಚಿತ್ರ, ಒಂದು ದೆವ್ವದ ಚಿತ್ರ, ಒಂದು ಮಕ್ಕಳ ಚಿತ್ರ, ದೊಡ್ಡ ನಟನೊಬ್ಬನ ಹೊಡೆದಾಟದ ಚಿತ್ರ, ಕೊನೆಗೆ ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬನ ಬಗೆಗಿನ ಸಾಕ್ಷ್ಯಚಿತ್ರ. ಚಿತ್ರಗಳು ಐದಾದರೂ ವಿಮರ್ಶೆ ಒಂದೇ ಇರುವಂತಿದೆಯಲ್ಲ ಎಂಬ ಅನುಮಾನ ಬಂದು, ಕೆಂಪು ಪೆನ್ನು ಹಿಡಿದು ಗೆರೆ ಎಳೆಯುತ್ತ ಹೋದೆ. ‘ಛಾಯಾಗ್ರಹಣ ಕಣ್ಣಿಗೆ ಹಬ್ಬ’ ಎಂಬುದು ಮೂರು ಕಡೆ ಸಿಕ್ಕಿತು, ‘ಹಿನ್ನೆಲೆ ಸಂಗೀತ ಕಥೆಗೆ ಪೂರಕ’ ನಾಲ್ಕು ಕಡೆ. ‘ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ’ ಎಂಬುದಂತೂ ಐದಕ್ಕೆ ಐದೂ ಕಡೆ ಇದೆ. ತಾನು ತಾನಾಗಿಯೇ ಕಾಣಿಸಿಕೊಂಡ ಆ ಗಡಿಯಾರದ ಮುದುಕನೂ ತನ್ನ ಪಾತ್ರಕ್ಕೆ ನ್ಯಾಯ ಒದಗಿಸಿಬಿಟ್ಟಿದ್ದಾನೆ!

ನಕ್ಕಿದ್ದಕ್ಕೆ ಕ್ಷಮಿಸಿ. ಇದು ನಿಮ್ಮೊಬ್ಬರ ದೋಷವಲ್ಲ. ಬೆಳಗಿನ ಪ್ರದರ್ಶನ ನೋಡಿಕೊಂಡು ಬಂದು ಸಂಜೆಯೊಳಗೆ ನಾನೂರು ಪದ ಒಪ್ಪಿಸಬೇಕಾದವರ ಕೈಗೆ ಮೊದಲು ಸಿಗುವುದು ಇಂಥ ಸಿದ್ಧ ಮಾತುಗಳೇ. ನಾನೂ ಮೊದಲ ಹತ್ತು ವರ್ಷ ಅವುಗಳನ್ನೇ ನಂಬಿಕೊಂಡು ಬರೆದವನು. ಅವುಗಳ ತೊಂದರೆ ಸವಕಲಾಗಿರುವುದಷ್ಟೇ ಅಲ್ಲ, ಅವುಗಳಲ್ಲಿ ತೀರ್ಪು ಮಾತ್ರ ಇದ್ದು ಕಂಡದ್ದು ಏನೂ ಇಲ್ಲದಿರುವುದು. ದಿನಪತ್ರಿಕೆಯ ವಿಮರ್ಶೆಯಿಂದ ನಾನು ಬಯಸುವುದು ಇಷ್ಟು: ನಿಮ್ಮ ಅಭಿಪ್ರಾಯವನ್ನು ಸುತರಾಂ ಒಪ್ಪದ ಓದುಗರು ಕೂಡ ಅದನ್ನು ಓದಿ, ‘ಇವರಿಗೆ ಹಿಡಿಸಿಲ್ಲ, ಆದರೆ ಇವರು ವರ್ಣಿಸುತ್ತಿರುವ ಚಿತ್ರ ನನಗೆ ಹಿಡಿಸುವಂಥದ್ದು’ ಎಂದು ಟಿಕೆಟ್ ಕೊಳ್ಳುವಂತಿರಬೇಕು.

ಬಾಸ್ಲಿ ಕ್ರೌದರ್ ಅವರ ಹೆಸರನ್ನು ನೀವು ಕೇಳಿರಬಹುದು. 1940ರಿಂದ 1967ರವರೆಗೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಚಲನಚಿತ್ರ ವಿಮರ್ಶಕರಾಗಿದ್ದವರು, ಸೆನ್ಸಾರ್‌ಶಿಪ್ಪನ್ನು ವಿರೋಧಿಸಿ ಬರೆದವರು, ವಿದೇಶಿ ಚಿತ್ರಗಳನ್ನು ಅಮೆರಿಕದ ಓದುಗರಿಗೆ ಪರಿಚಯಿಸಲು ದುಡಿದವರು. ಇಂದು ಅವರನ್ನು ಜನ ನೆನೆಯುವುದು ಮಾತ್ರ ಹೆಚ್ಚಾಗಿ ಅವರ ತಪ್ಪುಗಳಿಗಾಗಿ, ಇದು ಈ ವೃತ್ತಿಯ ಕ್ರೌರ್ಯ. 1958ರಲ್ಲಿ ಸತ್ಯಜಿತ್ ರಾಯ್ ಅವರ ಬಂಗಾಳಿ ಚಿತ್ರ ‘ಪಥೇರ್ ಪಾಂಚಾಲಿ’ ಅಲ್ಲಿ ತೆರೆಕಂಡಾಗ, ಇಷ್ಟು ಸಡಿಲವಾದ, ಇಷ್ಟು ನಿಧಾನವಾದ ಚಿತ್ರವನ್ನು ಹಾಲಿವುಡ್ಡಿನ ಸಂಕಲನಕಾರರು ಕಚ್ಚಾ ಜೋಡಣೆಯೆಂದೂ ಒಪ್ಪಲಾರರು ಎಂಬರ್ಥದ ಮಾತನ್ನು ಅವರು ಬರೆದರು. ಒಂದು ಊರಿನ ಅಳತೆಗೋಲನ್ನು ಇನ್ನೊಂದು ಊರಿನ ನದಿಗೆ ಇಳಿಬಿಟ್ಟ ಹಾಗೆ. ಆದರೆ ಆ ವಿಮರ್ಶೆಯನ್ನು ಪೂರ್ತಿ ಓದಿದರೆ, ಬಿಡಿಬಿಡಿಯಾದ ನೋಟಗಳು ಮೆಲ್ಲಗೆ ಕೂಡಿಕೊಂಡು ಮನಸ್ಸನ್ನು ಕಲಕುವ ಬಗೆಯನ್ನೂ, ಬಡತನ ಪ್ರೀತಿಯನ್ನು ಅಳಿಸಿಹಾಕುವುದಿಲ್ಲವೆಂದು ಚಿತ್ರ ಕಾಣಿಸುವುದನ್ನೂ ಅವರು ಅದರಲ್ಲೇ ಗುರುತಿಸಿರುವುದು ಕಾಣುತ್ತದೆ. ಅಂದರೆ ಅವರ ಅಳತೆಗೋಲು ತಪ್ಪಾಗಿತ್ತು, ಕಣ್ಣು ತಪ್ಪಿರಲಿಲ್ಲ. ಆ ತೀರ್ಪನ್ನು ಬದಿಗಿಟ್ಟು ಚಿತ್ರ ನೋಡಲು ಹೋಗಬಹುದಾದ ಓದುಗರಿಗೆ ಬೇಕಾದ ಸಾಮಗ್ರಿ ಅದೇ ಅಂಕಣದಲ್ಲಿತ್ತು. ನಿಮ್ಮ ಐದು ವಿಮರ್ಶೆಗಳಲ್ಲಿ ನಾಲ್ಕರಲ್ಲಿ ನನಗೆ ಸಿಗದೆ ಹೋದದ್ದು ಈ ಸಾಮಗ್ರಿಯೇ.

ಅದೇ ಕ್ರೌದರ್ 1967ರಲ್ಲಿ ದರೋಡೆಕೋರ ಜೋಡಿಯೊಂದರ ಕಥೆ ಹೇಳುವ ‘ಬಾನಿ ಅಂಡ್ ಕ್ಲೈಡ್’ ಚಿತ್ರದ ಮೇಲೆ ಒಂದಲ್ಲ, ಹಲವು ಬಾರಿ ಹರಿಹಾಯ್ದರು. ನ್ಯೂಸ್‌ವೀಕ್ ವಾರಪತ್ರಿಕೆಯ ಜೋ ಮಾರ್ಗನ್‌ಸ್ಟರ್ನ್ ಕೂಡ ಮೊದಲು ಅದನ್ನು ಜರೆದೇ ಬರೆದರು. ಆದರೆ ಅವರು ಮತ್ತೊಮ್ಮೆ ಹೋಗಿ ಸಾಮಾನ್ಯ ಪ್ರೇಕ್ಷಕರ ನಡುವೆ ಕೂತು ಚಿತ್ರ ನೋಡಿದರು, ಮುಂದಿನ ವಾರವೇ ತಮ್ಮ ಮೊದಲ ವಿಮರ್ಶೆ ತಪ್ಪಾಗಿತ್ತೆಂದು ಅದೇ ಪತ್ರಿಕೆಯಲ್ಲಿ ಬರೆದುಕೊಂಡರು. ಆ ವರ್ಷ ಮುಗಿಯುವಷ್ಟರಲ್ಲಿ ಕ್ರೌದರ್ ಅವರ ವಿಮರ್ಶಕ ಪೀಠವೂ ಮುಗಿದಿತ್ತು. ಅಭಿಪ್ರಾಯ ಬದಲಿಸಿದವರು ದೊಡ್ಡವರು, ಬದಲಿಸದವರು ಸಣ್ಣವರು ಎಂದು ನಾನು ಹೇಳುತ್ತಿಲ್ಲ. ಹಟ ಹಿಡಿದು ನಿಲ್ಲಬೇಕಾದ ಸಂದರ್ಭಗಳೂ ಬರುತ್ತವೆ. ಮರಳಿ ನೋಡದೆ ಹಟ ಹಿಡಿಯುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ.

ದೆವ್ವದ ಚಿತ್ರದ ನಿಮ್ಮ ವಿಮರ್ಶೆ ಈ ದೃಷ್ಟಿಯಿಂದಲೇ ನನ್ನನ್ನು ಹೆಚ್ಚು ಕಾಡಿತು. ‘ಅಗ್ಗದ ಗಿಮಿಕ್’ ಎಂದು ಎರಡೇ ಪದಗಳಲ್ಲಿ ಅದನ್ನು ಮುಗಿಸಿದ್ದೀರಿ. ಭಯದ ಚಿತ್ರಗಳನ್ನು ಮರ್ಯಾದಸ್ಥ ವಿಮರ್ಶಕರು ಹೀಗೆ ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದು ಹಳೆಯ ಚಾಳಿ. 1960ರಲ್ಲಿ ನಿರ್ದೇಶಕ ಹಿಚ್‌ಕಾಕ್ ತಮ್ಮ ‘ಸೈಕೋ’ ಚಿತ್ರಕ್ಕೆ ವಿಮರ್ಶಕರಿಗಾಗಿ ಪ್ರತ್ಯೇಕ ಪ್ರದರ್ಶನ ಇಡದೆ, ಅವರೂ ಜನರ ಜೊತೆಗೇ ಬಂದು ನೋಡಲಿ ಎಂದರು. ಲಂಡನ್ನಿನ ಅಬ್ಸರ್ವರ್ ಪತ್ರಿಕೆಯ ಹಿರಿಯ ವಿಮರ್ಶಕಿ ಸಿ. ಎ. ಲೆಜೂನ್ ಅಂತ್ಯದವರೆಗೂ ಕೂರದೆ ಎದ್ದು ಹೊರಟರು. ಕ್ರೌದರ್ ಅಷ್ಟಕ್ಕಷ್ಟೇ ಎಂಬಂತೆ ಬರೆದು, ವರ್ಷಾಂತ್ಯದಲ್ಲಿ ಅದನ್ನೇ ತಮ್ಮ ಅತ್ಯುತ್ತಮ ಹತ್ತು ಚಿತ್ರಗಳ ಪಟ್ಟಿಗೆ ಸೇರಿಸಿದರು. ಅದೇ ವರ್ಷ ಬಂದ, ನಿರ್ದೇಶಕ ಮೈಕೆಲ್ ಪೊವೆಲ್ ಅವರ ‘ಪೀಪಿಂಗ್ ಟಾಮ್’ ಮೇಲಂತೂ ಬ್ರಿಟನ್ನಿನ ಪತ್ರಿಕೆಗಳು ಮುಗಿಬಿದ್ದವು, ಅವರ ವೃತ್ತಿಜೀವನಕ್ಕೆ ಬಿದ್ದ ಆ ಪೆಟ್ಟು ಸುಲಭಕ್ಕೆ ಮಾಯಲಿಲ್ಲ. ಹಾಗೆ ಖಂಡಿಸಿದವರಲ್ಲಿ ಒಬ್ಬರಾದ ಸಂಡೇ ಟೈಮ್ಸ್ ಪತ್ರಿಕೆಯ ಡಿಲಿಸ್ ಪೊವೆಲ್ (ಹೆಸರು ಒಂದೇ, ನೆಂಟಸ್ತಿಕೆಯಿಲ್ಲ) ಅದೊಂದು ಮೇರುಕೃತಿ ಎಂದು ಬರೆದು ಹಳೆಯ ಮಾತನ್ನು ಹಿಂತೆಗೆದುಕೊಂಡದ್ದು 1994ರಲ್ಲಿ. ಆ ಹೊತ್ತಿಗೆ ನಿರ್ದೇಶಕರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಆದ್ದರಿಂದ ಗಿಮಿಕ್ ಎನ್ನುವ ಮೊದಲು ಅದು ಹೇಗೆ ನಡೆಯಿತೆಂದು ಬರೆಯಿರಿ. ಬಾಗಿಲು ತೆರೆಯುವ ಮೊದಲು ಸದ್ದು ನಿಂತಿತೇ, ನಮಗೆ ಗೊತ್ತಿರುವುದು ಪಾತ್ರಕ್ಕೂ ಗೊತ್ತಿತ್ತೇ, ನೀವು ಬೆಚ್ಚಿದ ಮೇಲೆ ಪಕ್ಕದವರು ನಕ್ಕರೇ? ಹೊಡೆದಾಟದ ಚಿತ್ರಕ್ಕೂ ಇದೇ ಮಾತು. ನಾಯಕನ ಪ್ರವೇಶಕ್ಕೆ ಬಿದ್ದ ಶಿಳ್ಳೆಗಳಿಗೆ ನೀವು ಒಂದಿಡೀ ಪ್ಯಾರಾ ಕೊಟ್ಟಿದ್ದೀರಿ. ಹೊಡೆಯುವವರು ಯಾರು, ಹೊಡೆತ ಬಿದ್ದದ್ದು ಯಾರಿಗೆ ಎಂದು ಕಣ್ಣಿಗೆ ತಿಳಿಯುವಷ್ಟು ಹೊತ್ತು ಒಂದೊಂದು ಶಾಟ್ ನಿಲ್ಲುತ್ತಿತ್ತೇ, ಇಲ್ಲವೇ ಸಂಕಲನದ ಆತುರದಲ್ಲಿ ಎಲ್ಲವೂ ಕಲಸಿಹೋಗಿತ್ತೇ ಎಂಬುದಕ್ಕೆ ಒಂದು ಸಾಲನ್ನೂ ಕೊಟ್ಟಿಲ್ಲ. ಹಾಸ್ಯಚಿತ್ರದಲ್ಲಿ ತರ್ಕ ಹುಡುಕಿದ್ದೀರಿ, ಅದರ ಬಗ್ಗೆ ಹೆಚ್ಚು ಹೇಳಲಾರೆ. ಮಕ್ಕಳ ಚಿತ್ರವನ್ನು ಮಕ್ಕಳಿಲ್ಲದ ಪ್ರದರ್ಶನದಲ್ಲಿ ನೋಡಬೇಡಿ.

ಕತ್ತಲಲ್ಲಿ ಟಿಪ್ಪಣಿ ಬರೆಯುವಾಗ ಸಾಲಿನ ಮೇಲೆ ಸಾಲು ಬಿದ್ದು ಏನೂ ಓದಲಾಗುವುದಿಲ್ಲ ಎಂದಿದ್ದೀರಿ. ಸಣ್ಣ ಪುಸ್ತಕ ಇಟ್ಟುಕೊಂಡು ಒಂದು ಟಿಪ್ಪಣಿಗೆ ಒಂದು ಹಾಳೆ ಎಂಬ ಲೆಕ್ಕದಲ್ಲಿ ತಿರುವುತ್ತ ಹೋಗಿ. ಹಾಳೆ ಪೋಲಾದೀತೆಂದು ನೋಡಬೇಡಿ. ‘ಚೆನ್ನಾಗಿದೆ’ ಎಂದು ಬರೆದುಕೊಂಡರೆ ಸಂಜೆಗೆ ಅದು ಯಾವುದಕ್ಕೂ ಒದಗುವುದಿಲ್ಲ, ‘ಮೆಟ್ಟಿಲ ಮೇಲೆ ಒಂಟಿ ಚಪ್ಪಲಿ’ ಎಂದು ಬರೆದುಕೊಂಡರೆ ಇಡೀ ದೃಶ್ಯ ಮರಳಿ ಬರುತ್ತದೆ.

ಪುಟದ ವಿಷಯವಾಗಿ ಒಂದು ಅನುಭವವನ್ನು ಹೇಳಬೇಕು. ನಾನು ಹೊಸಬನಾಗಿದ್ದಾಗ ಒಂದು ಸಾಧಾರಣ ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿದ್ದ ನಟಿಯೊಬ್ಬರು ಅಸಾಧಾರಣವಾಗಿ ಅಭಿನಯಿಸಿದ್ದರು. ಆ ಮೆಚ್ಚುಗೆಯನ್ನು ಕೊನೆಯ ಪ್ಯಾರಾದಲ್ಲಿ, ಊಟದ ಕೊನೆಗೆ ಸಿಹಿ ಬಡಿಸುವವನಂತೆ, ಜತನದಿಂದ ಇಟ್ಟಿದ್ದೆ. ರಾತ್ರಿ ಜಾಹೀರಾತೊಂದು ಬಂದು ಪುಟದ ಜಾಗ ಕಡಿಮೆಯಾಯಿತು. ಡೆಸ್ಕಿನವರು ವಾಡಿಕೆಯಂತೆ ಕೆಳಗಿನಿಂದ ಕತ್ತರಿಸಿದರು. ಬೆಳಿಗ್ಗೆ ಅಚ್ಚಾದದ್ದು ಬರೀ ಬೈಗುಳ. ಅಂದಿನಿಂದ ನಾನು ಅತಿ ಮುಖ್ಯವಾದ ಮಾತನ್ನು ಎರಡನೆಯ ಪ್ಯಾರಾ ದಾಟಿ ಇಟ್ಟದ್ದಿಲ್ಲ.

ವಿಮರ್ಶೆಯ ಜೊತೆಗೆ ಅಂಕದಂತೆ ಕೊಡುವ ನಕ್ಷತ್ರಗಳ ಬಗ್ಗೆ ಕೇಳಿದ್ದೀರಿ. ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ 1928ರಲ್ಲೇ ಚಿತ್ರಗಳಿಗೆ ನಕ್ಷತ್ರ ಹಂಚತೊಡಗಿತ್ತು, ಇನ್ನು ಅದನ್ನು ನಿಲ್ಲಿಸುವುದು ನನ್ನಿಂದಲೂ ನಿಮ್ಮಿಂದಲೂ ಆಗದು. ಷಿಕಾಗೋ ಸನ್-ಟೈಮ್ಸ್ ಪತ್ರಿಕೆಗೆ 1967ರಿಂದ 2013ರಲ್ಲಿ ತೀರಿಕೊಳ್ಳುವವರೆಗೂ ಬರೆದ, ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಚಲನಚಿತ್ರ ವಿಮರ್ಶಕರಾದ ರೋಜರ್ ಈಬರ್ಟ್ ತಮ್ಮ ನಕ್ಷತ್ರಗಳು ಸಾಪೇಕ್ಷ ಎನ್ನುತ್ತಿದ್ದರು: ಸಾಹಸಚಿತ್ರವನ್ನು ಅದರ ಜಾತಿಯ ಚಿತ್ರಗಳ ಜೊತೆಗೆ ತೂಗಬೇಕೇ ಹೊರತು ಗಂಭೀರ ಸಂಸಾರಚಿತ್ರದ ಜೊತೆಗಲ್ಲ. ನಾನೂ ಅದನ್ನೇ ಪಾಲಿಸಿದೆ. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್‌ನಂಥ ಜಾಲತಾಣಗಳ ಶೇಕಡಾವಾರು ಅಂಕಿಯನ್ನು ಮಾತ್ರ ಗುಣಮಟ್ಟದ ಅಂಕವೆಂದು ಓದಬೇಡಿ. ಎಷ್ಟು ಮಂದಿ ವಿಮರ್ಶಕರು ಒಟ್ಟಿನಲ್ಲಿ ಪರವಾಗಿ ಬರೆದರು ಎಂಬುದಷ್ಟೇ ಅದರ ಅರ್ಥ. ನೂರಕ್ಕೆ ನೂರು ಮಂದಿ ‘ಒಮ್ಮೆ ನೋಡಬಹುದು, ಅಷ್ಟೇ’ ಎಂದರೂ ಅಲ್ಲಿ ಕಾಣುವುದು ನೂರೇ. ಜಾಹೀರಾತಿಗೆ ಎತ್ತಿಕೊಳ್ಳಲಿ ಎಂದು ಹೊಳಪಿನ ವಾಕ್ಯ ಕಟ್ಟುವ ಆಸೆ ಬಂದರೆ ಇದನ್ನು ನೆನಪಿಸಿಕೊಳ್ಳಿ: ಹಾಲಿವುಡ್ಡಿನ ಒಂದು ದೊಡ್ಡ ಸಂಸ್ಥೆ ಡೇವಿಡ್ ಮ್ಯಾನಿಂಗ್ ಎಂಬ ಇಲ್ಲದ ವಿಮರ್ಶಕನನ್ನೇ ಸೃಷ್ಟಿಸಿ, ಅವನ ಹೊಗಳಿಕೆಯನ್ನು ತನ್ನ ಜಾಹೀರಾತುಗಳಲ್ಲಿ ಅಚ್ಚು ಹಾಕಿಸಿದ್ದು 2001ರಲ್ಲಿ ಬಯಲಾಯಿತು. ಅಂಥ ವಾಕ್ಯಕ್ಕೆ ಚಿತ್ರ ನೋಡಿದ ಮನುಷ್ಯನೇ ಬೇಕಾಗಿಲ್ಲ ಎಂದಾಯಿತಲ್ಲ.

ನಿಮ್ಮ ಐದು ತುಣುಕುಗಳನ್ನೂ ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಕೆಂಪು ಗೆರೆಗಳು ಹೆಚ್ಚಾಗಿವೆ, ಬೇಸರಿಸಬೇಡಿ. ಸಾಕ್ಷ್ಯಚಿತ್ರದ ವಿಮರ್ಶೆಯ ಮೂರನೆಯ ಪ್ಯಾರಾದಲ್ಲಿ ಮಾತ್ರ ಒಂದು ಗೆರೆಯೂ ಇಲ್ಲ: ಮುದುಕ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವಾಗ ಉಸಿರು ಬಿಗಿಹಿಡಿಯುತ್ತಾನೆ, ಕ್ಯಾಮೆರಾ ಅಲುಗುವುದಿಲ್ಲ, ಹಿಂದೆ ಗೋಡೆಯ ಮೇಲಿನ ಹತ್ತಾರು ಗಡಿಯಾರಗಳು ಬೇರೆಬೇರೆ ಹೊತ್ತು ತೋರಿಸುತ್ತಿರುತ್ತವೆ ಎಂದು ಬರೆದಿದ್ದೀರಿ. ಆ ಚಿತ್ರ ಎಲ್ಲಿ ನೋಡಲು ಸಿಗುತ್ತದೆಂದು ದಯವಿಟ್ಟು ತಿಳಿಸಿ.

ಇತಿ ನಿಮ್ಮ ವಿಶ್ವಾಸಿ,
ಹಳೆಯ ಅಂಕಣಕಾರ