ಹಲಸಿನ ಬೀಜ ನಮ್ಮ ಕಾಲೇಜು ಲ್ಯಾಬುಗಳಿಗೆ ಬರಲಿ

ಮಾನ್ಯ ಸಂಪಾದಕರೇ,

ಹಲಸಿನ ಮೇಳದ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಹಪ್ಪಳ, ಗಟ್ಟಿ, ಚಿಪ್ಸ್, ಹೋಳಿಗೆ ಎಲ್ಲದರ ಫೋಟೋ ಚೆನ್ನಾಗಿತ್ತು. ಆದರೆ ಕೊನೆಯಲ್ಲಿ ಒಂದು ಸಾಲು ಸೇರಿಕೊಂಡಿದೆ. ಹಲಸಿನ ಬೀಜದಲ್ಲಿರುವ ಜಾಕಲಿನ್ ಎಂಬ ಅಂಶ ಕ್ಯಾನ್ಸರ್ ಗುಣ ಮಾಡುತ್ತದೆ ಎಂಬ ಅರ್ಥದ ಸಾಲು. ನಾನು ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸುವವಳು. ಜಾಕಲಿನ್ ನನಗೆ ಬಹಳ ಇಷ್ಟದ ಪ್ರೋಟೀನ್. ಅದರ ಹೆಸರು ಕನ್ನಡ ಪತ್ರಿಕೆಯಲ್ಲಿ ಬರಬೇಕು ಅಂತ ಎಷ್ಟೋ ಸಲ ಅಂದುಕೊಂಡಿದ್ದೆ. ಹೀಗೆ ಬಂದದ್ದು ನೋಡಿ ಬೇಸರವಾಯಿತು.

ಬೇಸರಕ್ಕೆ ಕಾರಣ ಇದೆ. ನಮ್ಮ ಪಕ್ಕದ ಮನೆಯ ಅಕ್ಕನಿಗೆ ಸ್ತನ ಕ್ಯಾನ್ಸರ್. ಕೀಮೋ ನಡೆಯುತ್ತಿದೆ. ಮೇಳದಿಂದ ಯಾರೋ ಬೀಜದ ಪುಡಿಯ ಪ್ಯಾಕೆಟ್ ತಂದುಕೊಟ್ಟಿದ್ದಾರೆ. ಬಿಸಿಲಲ್ಲಿ ಒಣಗಿಸಿ, ಬೇಯಿಸದೆ ಪುಡಿ ಮಾಡಿದ್ದು. "ಟೀಚರ್, ಪೇಪರಿನಲ್ಲೇ ಬಂದಿದೆಯಲ್ಲ. ಮುಂದಿನ ಕೀಮೋ ಸ್ವಲ್ಪ ಮುಂದೆ ಹಾಕಿ ಇದನ್ನೇ ತೆಗೆದುಕೊಂಡು ನೋಡುವುದಾ?" ಅಂತ ಅವರು ಕೇಳಿದರು. ಕೀಮೋದ ಸುಸ್ತು, ವಾಂತಿ ನೋಡಿದವರಿಗೆ ಆ ಪ್ರಶ್ನೆ ಅರ್ಥವಾಗುತ್ತದೆ. ಬೇಡ ಅಕ್ಕ, ಡಾಕ್ಟರು ಹೇಳಿದ ದಿನಕ್ಕೇ ಹೋಗಿ ಅಂತ ಹೇಳಿದೆ. ಅವರು ಹೋದರು. ಆದರೆ ಕೇಳಲು ಪಕ್ಕದಲ್ಲಿ ಯಾರೂ ಇಲ್ಲದವರು ಏನು ಮಾಡುತ್ತಾರೆ?

ಜಾಕಲಿನ್‌ಗೂ ಕ್ಯಾನ್ಸರಿಗೂ ಸಂಬಂಧವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಅದು ಏನು ಅಂತ ಸರಿಯಾಗಿ ಹೇಳಬೇಕು.

ನಮ್ಮ ದೇಹದ ಕೋಶಗಳ ಮೈ ನುಣುಪಾಗಿಲ್ಲ. ಹಲಸಿನ ಕಾಯಿಯ ಮೈಮೇಲಿನ ಮುಳ್ಳಿನ ಹಾಗೆ ಸಕ್ಕರೆಯ ಸಣ್ಣ ಸರಪಳಿಗಳು ಹೊರಗೆ ಚಾಚಿಕೊಂಡಿರುತ್ತವೆ. ಇವುಗಳಲ್ಲಿ ತುಂಬಾ ಸರಪಳಿಗಳು ಪ್ರೋಟೀನಿಗೆ ಜೋಡಿಕೊಂಡಿರುತ್ತವೆ. ಅಂಥ ಪ್ರೋಟೀನಿಗೆ ಗ್ಲೈಕೋಪ್ರೋಟೀನ್ ಅನ್ನುತ್ತಾರೆ. ಇನ್ಸುಲಿನ್ ಬಂದು ಕೂರುವ ರಿಸೆಪ್ಟರ್ ಒಂದು ಗ್ಲೈಕೋಪ್ರೋಟೀನ್. ಕೊರೋನಾ ವೈರಸ್ಸಿನ ಸ್ಪೈಕ್ ಗ್ಲೈಕೋಪ್ರೋಟೀನ್, ಅದು ಹಿಡಿದುಕೊಳ್ಳುವ, ನಮ್ಮ ಕೋಶದ ಮೇಲಿನ ಎಸಿಇ2 ಕೂಡ ಗ್ಲೈಕೋಪ್ರೋಟೀನ್. ಫ್ಲೂ ವೈರಸ್ ನಮ್ಮ ಗಂಟಲಿನ ಕೋಶಕ್ಕೆ ಅಂಟಿಕೊಳ್ಳುವುದು ಸಿಯಾಲಿಕ್ ಆಸಿಡ್ ಎಂಬ ಸಕ್ಕರೆಯನ್ನು ಹಿಡಿದು. (ಶುಗರ್ ಇರುವವರು ಮಾಡಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಬೇರೆ ವಿಷಯ. ಅಲ್ಲಿ ರಕ್ತದಲ್ಲಿ ಜಾಸ್ತಿಯಾದ ಗ್ಲುಕೋಸ್ ತಾನಾಗಿ ಹೋಗಿ ಹಿಮೋಗ್ಲೋಬಿನ್ನಿಗೆ ಅಂಟಿರುತ್ತದೆ. ಇಲ್ಲಿ ಕೋಶವೇ ಕಿಣ್ವಗಳನ್ನು ಇಟ್ಟುಕೊಂಡು ಒಂದೊಂದೇ ಸಕ್ಕರೆ ಜೋಡಿಸಿರುತ್ತದೆ.)

ಈ ಸಕ್ಕರೆಗಳನ್ನು ಗುರುತಿಸಿ ಹಿಡಿಯುವ ಪ್ರೋಟೀನುಗಳು ಗಿಡಗಳಲ್ಲಿ ಇವೆ. ಅವುಗಳಿಗೆ ಲೆಕ್ಟಿನ್ ಅಂತ ಹೆಸರು. 1888ರಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬವರು ಹರಳು ಬೀಜದ ಸಾರ ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವುದನ್ನು ಕಂಡರು. ಅಲ್ಲಿಂದ ಈ ವಿದ್ಯೆ ಶುರು. ಜಾಕಲಿನ್ ನಮ್ಮ ಹಲಸಿನ ಬೀಜದ ಲೆಕ್ಟಿನ್. ಬೀಜವನ್ನು ಉಪ್ಪುನೀರಿನಲ್ಲಿ ಅರೆದು ಸೋಸಿದರೆ ಸಿಗುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ಇರುತ್ತದೆ.

ಜಾಕಲಿನ್ ಹಿಡಿಯುವುದು ಗ್ಯಾಲಕ್ಟೋಸನ್ನು. ಅದರಲ್ಲೂ ಗ್ಯಾಲಕ್ಟೋಸ್ ಮತ್ತು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಎರಡು ಸಕ್ಕರೆಗಳ ಜೋಡಿ ಸಿಕ್ಕಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಈ ಜೋಡಿಗೆ ಟಿ ಆಂಟಿಜೆನ್ ಅನ್ನುತ್ತಾರೆ. ಆರೋಗ್ಯವಾಗಿರುವ ಕೋಶದಲ್ಲಿ ಇದರ ಮೇಲೆ ಬೇರೆ ಸಕ್ಕರೆಗಳು ಸೇರಿ ಮುಚ್ಚಿರುತ್ತವೆ. ಹಲವು ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಇದು ತೆರೆದುಕೊಂಡಿರುತ್ತದೆ. ಜಾಕಲಿನ್ ಕ್ಯಾನ್ಸರ್ ಸಂಶೋಧಕರ ಕೈಗೆ ಬಂದದ್ದು ಇದಕ್ಕೇ. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ ಅವುಗಳ ಬೆಳವಣಿಗೆ ಕಡಿಮೆಯಾದದ್ದೂ ನಿಜ. ಆದರೆ ನೆಲಗಡಲೆಯ ಲೆಕ್ಟಿನ್ ಹಿಡಿಯುವುದು ಅದೇ ಟಿ ಆಂಟಿಜೆನ್ನನ್ನು. ಅಂಥದೇ ತಟ್ಟೆಯಲ್ಲಿ ಅದು ಕೋಶಗಳನ್ನು ಇನ್ನಷ್ಟು ಬೆಳೆಸಿತು! ಅಂದರೆ ಸಕ್ಕರೆಯನ್ನು ಹಿಡಿದ ಮೇಲೆ ಕೋಶದ ಒಳಗೆ ಏನಾಗುತ್ತದೆ ಎಂಬುದು ಬೇರೆಯೇ ಕತೆ. ಅಲ್ಲಿಂದ ಮದ್ದಿನವರೆಗೆ ದಾರಿ ತುಂಬಾ ಉದ್ದ ಇದೆ.

ಇನ್ನೊಂದು ಮಾತು. ಜಾಕಲಿನ್ ಕ್ಯಾನ್ಸರ್ ಕೋಶವನ್ನು ಮಾತ್ರ ಹುಡುಕಿ ಹಿಡಿಯುವುದಿಲ್ಲ. ನನ್ನ, ನಿಮ್ಮ ರಕ್ತಕಣಗಳಿಗೂ ಅಂಟುತ್ತದೆ. ಇದನ್ನು ನಮ್ಮ ಲ್ಯಾಬಿನಲ್ಲೇ ಮಕ್ಕಳಿಗೆ ತೋರಿಸಿದ್ದೇನೆ.

ಮಾಡುವ ಕ್ರಮ ಸುಲಭ. ಬೀಜದ ಬಿಳಿ ಸಿಪ್ಪೆ ತೆಗೆದು, ಒಳಗಿನ ಕಂದು ಪೊರೆಯನ್ನು ಕೆರೆದು, ಸಣ್ಣಗೆ ಹೆಚ್ಚಿ, ಸಲೈನ್ ಹಾಕಿ ಮಿಕ್ಸಿಯಲ್ಲಿ ಅರೆಯಬೇಕು. ರಾತ್ರಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ ಸೆಂಟ್ರಿಫ್ಯೂಜ್ ಮಾಡಿದರೆ (ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ) ಮೇಲೆ ತಿಳಿ ಸಿಗುತ್ತದೆ. ಸ್ಲೈಡಿನ ಮೇಲೆ ಸಲೈನಿನಲ್ಲಿ ತೊಳೆದ ರಕ್ತಕಣಗಳ ಒಂದು ಹನಿ, ಪಕ್ಕದಲ್ಲಿ ಈ ತಿಳಿಯ ಒಂದು ಹನಿ. ಕಡ್ಡಿಯಲ್ಲಿ ಕಲಸಿ ಸ್ಲೈಡನ್ನು ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿದರೆ ಸಾಕು, ಒಂದೇ ಸಮ ಕೆಂಪಾಗಿದ್ದ ಹನಿ ತರಿತರಿಯಾಗಿ ಒಡೆಯುತ್ತದೆ. ಬರೀ ಸಲೈನ್ ಹಾಕಿದ ಹನಿ ಹಾಗೇ ಇರುತ್ತದೆ. ತಿಳಿಗೆ ಮೊದಲೇ ಗ್ಯಾಲಕ್ಟೋಸ್ ಬೆರೆಸಿಟ್ಟರೆ ತರಿ ಕಟ್ಟುವುದು ಕಡಿಮೆಯಾಗುತ್ತದೆ. ಹಿಡಿಯಬೇಕಾದ ಜಾಗವನ್ನು ಆಗಲೇ ಸಕ್ಕರೆ ತುಂಬಿರುತ್ತದೆ ನೋಡಿ.

ರಕ್ತದ ಎ, ಬಿ ಗುಂಪನ್ನು ತೀರ್ಮಾನಿಸುವುದೂ ರಕ್ತಕಣದ ಮೇಲಿನ ಸಕ್ಕರೆಯೇ. ಆದರೆ ಎ, ಬಿ, ಓ ಮೂರೂ ಗುಂಪಿನ ರಕ್ತದಲ್ಲಿ ತರಿ ಕಟ್ಟಿತು. ಆಗ ಹೆಬ್ರಿ ಕಡೆಯ ಒಬ್ಬ ಹುಡುಗಿ ಕೇಳಿದಳು: "ಮೇಡಂ, ಓ ಗುಂಪಿನಲ್ಲಿ ಎ ಸಕ್ಕರೆಯೂ ಇಲ್ಲ, ಬಿ ಸಕ್ಕರೆಯೂ ಇಲ್ಲ. ಮತ್ತೆ ಇದು ಯಾವುದನ್ನು ಹಿಡಿಯಿತು?" ಎಷ್ಟು ಒಳ್ಳೆಯ ಪ್ರಶ್ನೆ! ಉತ್ತರ ಗ್ಲೈಕೋಫೋರಿನ್. ಕೆಂಪು ರಕ್ತಕಣದ ಮೈತುಂಬ ಇರುವ, ಸಕ್ಕರೆ ಸರಪಳಿಗಳಿಂದ ಕಿಕ್ಕಿರಿದ ಗ್ಲೈಕೋಪ್ರೋಟೀನ್ ಅದು. ಎಲ್ಲ ಗುಂಪಿನವರಲ್ಲೂ ಇದೆ. ಆ ದಿನ ಊಟದ ಬೆಲ್ ಆದರೂ ಮಕ್ಕಳು ಎದ್ದು ಹೋಗಲಿಲ್ಲ. ಪುಸ್ತಕದಲ್ಲಿ ಗ್ಲೈಕೋಫೋರಿನ್ ಒಂದು ಚಿತ್ರ, ಎರಡು ಅಂಕದ ಪ್ರಶ್ನೆ, ಅಷ್ಟೇ.

ಆಮೇಲೆ ಅದೇ ತಿಳಿಯನ್ನು ಕುದಿಸಿ ಹಾಕಿ ನೋಡಿದೆವು. ಏನೂ ಆಗಲಿಲ್ಲ. ಕುದಿಸಿದರೆ ಜಾಕಲಿನ್ ಕೆಟ್ಟುಹೋಗುತ್ತದೆ. ಸೌತೆಕಾಯಿ ಜೊತೆ ಹುಳಿಗೆ ಹಾಕಿದ ಬೀಜದಲ್ಲಿ, ಉಪ್ಪಿನಲ್ಲಿ ಬೇಯಿಸಿ ಒಣಗಿಸಿದ ಸಾಂತಣಿಯಲ್ಲಿ ಕೆಲಸ ಮಾಡುವ ಜಾಕಲಿನ್ ಉಳಿದಿರುವುದಿಲ್ಲ. ರುಚಿಗೆ, ಹೊಟ್ಟೆಗೆ ಧಾರಾಳವಾಗಿ ತಿನ್ನಿ, ಬಹಳ ಒಳ್ಳೆಯದು. ಹಾಗಾದರೆ ಹಸಿ ಪುಡಿ ತಿಂದರೆ? ಅದು ಹೋಗುವುದು ಹೊಟ್ಟೆಗೆ, ಕರುಳಿಗೆ. ಎದೆಯ ಗಡ್ಡೆಗೆ ಅಲ್ಲ. ಹಸಿ ಬೀಜದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವೂ ಇದೆ. ಕೀಮೋದಿಂದ ಮೊದಲೇ ಹೊಟ್ಟೆ ಕೆಟ್ಟವರಿಗೆ ಅದನ್ನು ತಿನ್ನಿಸುವುದು ಎಷ್ಟು ತಪ್ಪು, ಯೋಚಿಸಿ.

ಜಾಕಲಿನ್‌ನ ನಿಜವಾದ ಹೆಚ್ಚುಗಾರಿಕೆ ಬೇರೆ ಇದೆ. 1985ರಲ್ಲಿ ಬ್ರೆಜಿಲಿನ ಸಂಶೋಧಕರು ಇದು ಮನುಷ್ಯರ ಐಜಿಎ ಎಂಬ ಪ್ರತಿಕಾಯವನ್ನು (ರೋಗಾಣುಗಳನ್ನು ಎದುರಿಸುವ ಪ್ರೋಟೀನನ್ನು) ಹಿಡಿಯುತ್ತದೆ ಎಂದು ತೋರಿಸಿದರು. ಐಜಿಎಯಲ್ಲಿ ಎರಡು ಬಗೆ. ಒಂದನೆಯದರ, ಅಂದರೆ ಐಜಿಎ1ರ, ಮಧ್ಯಭಾಗದಲ್ಲಿ ಜಾಕಲಿನ್ ಹಿಡಿಯುವಂಥ ಸಕ್ಕರೆಗಳಿವೆ, ಎರಡನೆಯದರಲ್ಲಿ ಆ ಭಾಗವೇ ಇಲ್ಲ. ಹಾಗಾಗಿ ಎರಡನ್ನೂ ಬೇರೆ ಮಾಡಲು ಜಾಕಲಿನ್ ಬಂತು. ಈ ಐಜಿಎ1ರ ಸಕ್ಕರೆಯಲ್ಲಿ ಗ್ಯಾಲಕ್ಟೋಸ್ ಕಡಿಮೆಯಾದಾಗ ಬರುವ ಒಂದು ಕಿಡ್ನಿ ಕಾಯಿಲೆ ಇದೆ, ಐಜಿಎ ನೆಫ್ರೋಪತಿ. ಅದನ್ನು ಅಭ್ಯಾಸ ಮಾಡುವವರು ಇವತ್ತಿಗೂ ಜಾಕಲಿನ್ ಬಳಸುತ್ತಾರೆ. ಜಾಕಲಿನ್‌ನ ಮೂರು ಆಯಾಮದ ರಚನೆಯನ್ನು 1996ರಲ್ಲಿ ಪ್ರಕಟಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್, ಎ. ಸುರೋಲಿಯಾ ಅವರ ತಂಡ. ಮೇಳದ ವೇದಿಕೆಯಲ್ಲಿ ಇವರ ಹೆಸರು ಹೇಳಬೇಕಿತ್ತು.

ಹಲಸು ಒಂದೇ ಅಲ್ಲ. ಹುರುಳಿ ಇದೆಯಲ್ಲ, ತುಳುವಿನಲ್ಲಿ ಕುಡು, ಅದರ ಲೆಕ್ಟಿನ್ ಎ ಗುಂಪಿನ ಸಕ್ಕರೆಯನ್ನೇ ಹಿಡಿಯುತ್ತದೆ. 1951ರಲ್ಲಿ ಜಿ.ಡಬ್ಲ್ಯೂ.ಜಿ. ಬರ್ಡ್ ಅವರು ಇದನ್ನು ಬರೆದದ್ದು ಬೆಂಗಳೂರಿನಿಂದ ಬರುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಎ1, ಎ2 ಎಂಬ ಒಳಗುಂಪುಗಳನ್ನು ಬೇರೆ ಮಾಡಲು ಬ್ಲಡ್ ಬ್ಯಾಂಕುಗಳು ಹುರುಳಿಯ ಲೆಕ್ಟಿನ್ನನ್ನೇ ಬಳಸುತ್ತವೆ. ಎ ಮತ್ತು ಬಿ ನಡುವೆ ಇರುವ ವ್ಯತ್ಯಾಸ ಸರಪಳಿಯ ತುದಿಯ ಒಂದೇ ಒಂದು ಸಕ್ಕರೆ. ತಪ್ಪು ರಕ್ತ ಕೊಟ್ಟರೆ ಜೀವ ಹೋಗುವುದು ಆ ಒಂದು ಸಕ್ಕರೆಯಿಂದ. ಇದನ್ನು ಒಂದು ಹಿಡಿ ಹುರುಳಿಯಿಂದ ಕಲಿಸಬಹುದು.

ಈಗ ನನ್ನ ಬೇಡಿಕೆ. ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳ ಕಾಲೇಜುಗಳಲ್ಲಿ ಜೀವರಸಾಯನ ಪ್ರಾಕ್ಟಿಕಲ್ ಅಂದರೆ ಬಾಟಲಿಯಲ್ಲಿ ಬಂದ ಪುಡಿಗೆ ಬಾಟಲಿಯಲ್ಲಿ ಬಂದ ದ್ರಾವಣ ಹಾಕಿ ಬಣ್ಣ ನೋಡುವುದೇ ಹೆಚ್ಚು. ಶುದ್ಧ ಜಾಕಲಿನ್ ಬೇಕಾದವರು ಹೊರದೇಶದ ಕಂಪೆನಿಗಳಿಂದ ಮಿಲಿಗ್ರಾಂ ಲೆಕ್ಕದಲ್ಲಿ ತರಿಸುತ್ತಾರೆ. ಇಲ್ಲಿ ಬಕ್ಕೆ, ತುಳುವ ಎಂಬ ಎರಡೂ ಬಗೆಯ ಹಲಸು ತೋಟದಲ್ಲಿ ಬಿದ್ದು ಕೊಳೆಯುತ್ತವೆ. ಹಲಸು ಮತ್ತು ಹುರುಳಿಯ ಲೆಕ್ಟಿನ್ ಪ್ರಯೋಗವನ್ನು ಬಿ.ಎಸ್ಸಿ. ಪಠ್ಯದಲ್ಲಿ ಸೇರಿಸಿ ಎಂದು ಪಠ್ಯ ಸಮಿತಿಯವರನ್ನು ಕೇಳಿಕೊಳ್ಳುತ್ತೇನೆ. ರಕ್ತದ ಗುಂಪು ನೋಡುವ ಪ್ರಯೋಗ ಹೇಗೂ ಇದೆ. ಅದರ ಜೊತೆಗೇ ಮಾಡಬಹುದು. ಖರ್ಚು ತೀರಾ ಕಡಿಮೆ. ಕಾಲೇಜು ಶುರುವಾಗುವಾಗ ಹಲಸಿನ ಕಾಲ ಮುಗಿದಿರುತ್ತದೆ ಎಂಬ ಚಿಂತೆ ಬೇಡ. ನಮ್ಮ ಹಿರಿಯರು ಬೀಜವನ್ನು ಹೊಯಿಗೆಯಲ್ಲಿ (ಮರಳಿನಲ್ಲಿ) ಹುಗಿದು ಮಳೆಗಾಲಕ್ಕೆ ಇಡುತ್ತಿದ್ದರು. ನಾನೂ ಹಾಗೇ ಇಟ್ಟ ಬೀಜದಲ್ಲಿ ಮಾಡಿಸಿದ್ದೇನೆ, ಚೆನ್ನಾಗಿ ಬರುತ್ತದೆ.

ಮತ್ತು ನಿಮ್ಮಲ್ಲಿ ಒಂದು ವಿನಂತಿ. ದಯವಿಟ್ಟು ಆ ಸಾಲಿಗೆ ತಿದ್ದುಪಡಿ ಹಾಕಿ. ಜಿಲ್ಲಾ ಪುಟದಲ್ಲೇ, ಕಣ್ಣಿಗೆ ಬೀಳುವ ಅಕ್ಷರದಲ್ಲಿ ಹಾಕಿ. ಹಸಿ ಪುಡಿಯನ್ನು ಕ್ಯಾನ್ಸರ್ ಮದ್ದು ಅಂತ ಮಾರುವುದಕ್ಕೆ ಮುಂದಿನ ಮೇಳದ ಸಂಘಟಕರು ಜಾಗ ಕೊಡಬಾರದು. ಆ ಮಳಿಗೆಯ ಜಾಗದಲ್ಲಿ ಒಂದು ಮೇಜು, ನಾಲ್ಕು ಸ್ಲೈಡು ಕೊಟ್ಟರೆ ನಾನೂ ನನ್ನ ವಿದ್ಯಾರ್ಥಿಗಳೂ ಬಂದು ಜಾಕಲಿನ್ ಕೆಲಸವನ್ನು ಜನರಿಗೆ ತೋರಿಸುತ್ತೇವೆ. ಪ್ರಯೋಗದ ವಿಧಾನವನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಬೇಕಾದ ಉಪನ್ಯಾಸಕರು ನಿಮ್ಮ ಕಚೇರಿಯ ಮೂಲಕ ಕೇಳಿದರೆ ಕಳುಹಿಸಿಕೊಡುತ್ತೇನೆ.

— ಜೀವರಸಾಯನಶಾಸ್ತ್ರ ಉಪನ್ಯಾಸಕಿ, ಕುಂಜಿಬೆಟ್ಟು, ಉಡುಪಿ