ಅಂಚಿನಲ್ಲಿ ಬರೆದ ಸಾಲು

ಚಿ. ಸಿರಿಗೆ ಸರಸತ್ತೆ ಮಾಡುವ ಆಶೀರ್ವಾದಗಳು.

ನಿನ್ನ ಕಾಗದ ಮಂಗಳವಾರ ಬಂತು. ಮೂರು ಸಲ ಓದಿದೆ. ನಿಮ್ಮಿಬ್ಬರ ಮದುವೆ ವಿಷಯಕ್ಕೆ ಎರಡೂ ಮನೆಗಳಲ್ಲಿ ಆದ ಗಲಾಟೆ, ನಿಮ್ಮಪ್ಪ ಆಡಿದ ಮಾತು, ಹುಡುಗನ ಅಪ್ಪ ಜವಳಿ ಅಂಗಡಿಯ ಬೀಗದ ಕೈ ಕಿತ್ತುಕೊಂಡದ್ದು ಎಲ್ಲ ನನ್ನ ಕಿವಿಗೂ ಬಿದ್ದಿದೆ, ಅದನ್ನು ಇಲ್ಲಿ ಮತ್ತೆ ಅರೆಯುವುದು ಬೇಡ. ನನ್ನನ್ನು ಕೂತಲ್ಲಿ ಕೂರಗೊಡದೆ ಇದ್ದದ್ದು ಕೊನೆಯ ಹಾಳೆಯಲ್ಲಿ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀಯಲ್ಲ, ಆ ಸಾಲು. ‘ಹತ್ತು ವರ್ಷ ಆದ್ಮೇಲೆ ಅವನು ನನ್ನ ಮುಖ ನೋಡಿ, ಇಷ್ಟಕ್ಕಾ ಎಲ್ಲಾ ಬಿಟ್ಟಿದ್ದು ಅಂದ್ಕೊಂಡ್ರೆ?’

ಅಂದರೆ ಅಂತ ಬರೆದಿಲ್ಲ ನೀನು, ಅಂದ್ಕೊಂಡ್ರೆ ಅಂತ ಬರೆದಿದ್ದೀಯ. ಬಾಯಿಬಿಟ್ಟು ಅಂದರೆ ಜಗಳ ಆಡಬಹುದು. ಅಂದುಕೊಂಡವನ ಜೊತೆ ಏನು ಜಗಳ ಆಡೋದು?

ಅದಕ್ಕೆ ಸಮಾಧಾನವಾಗಿ ನಿನ್ನ ಹುಡುಗ ಕೊಟ್ಟ ಉತ್ತರ ಓದಿ ಮಾತ್ರ ನಗು ಬಂತು. ‘ರಾಜ್ಯಾನೇ ಬಿಟ್ಟ ರಾಜ ಇದ್ದ, ನಾನು ಒಂದು ಅಂಗಡಿ ಬಿಡಲಾರೆನಾ’ ಅಂದನಂತೆ. ಹೈಸ್ಕೂಲಿನಲ್ಲಿ 31 ವರ್ಷ ಚರಿತ್ರೆ ಪಾಠ ಮಾಡಿದವಳ ಹತ್ತಿರ ಈ ಉದಾಹರಣೆ ತೆಗೆಯಬಾರದಿತ್ತು ಅವನು. ಇಂಗ್ಲೆಂಡಿನ ರಾಜ ಎಂಟನೇ ಎಡ್ವರ್ಡ್ ಅಂದರೆ ನಮಗೆ ತರಗತಿಯಲ್ಲಿ ಎರಡು ಸಾಲು. 1936ರ ಜನವರಿಯಲ್ಲಿ ಪಟ್ಟಕ್ಕೆ ಬಂದ, ಎರಡು ಸಲ ವಿಚ್ಛೇದನವಾದ ಅಮೆರಿಕದ ಹೆಂಗಸನ್ನು ಮದುವೆಯಾಗಲು ಹೊರಟು ಡಿಸೆಂಬರಿನಲ್ಲಿ ಬಿಟ್ಟ. ಒಟ್ಟು 326 ದಿನ. ಯುವರಾಜನಾಗಿದ್ದಾಗ 1922ರಲ್ಲಿ ಮೈಸೂರಿಗೆ ಬಂದಿದ್ದವನನ್ನು ತಾತ ನೋಡಿದ ಕಥೆ ನಿನಗೆ ಬಾಯಿಪಾಠ. ನನ್ನ ಹಳೇ ನಾಣ್ಯದ ಡಬ್ಬಿಯಲ್ಲಿ ಐದನೇ ಜಾರ್ಜ್ ಇದ್ದಾನೆ, ಆರನೇ ಜಾರ್ಜ್ ಇದ್ದಾನೆ. ಇವನ ಮುಖದ ರೂಪಾಯಿ ನಮ್ಮಲ್ಲಿ ಚಲಾವಣೆಗೆ ಬರುವಷ್ಟರಲ್ಲಿ ಅವನೇ ಹೋಗಿಬಿಟ್ಟಿದ್ದ.

ನಿನ್ನ ಹುಡುಗ ತನ್ನನ್ನು ರಾಜನ ಜಾಗದಲ್ಲಿ ಇಟ್ಟುಕೊಂಡ, ಸರಿ. ನಿನ್ನನ್ನು ಯಾರ ಜಾಗದಲ್ಲಿ ಇಟ್ಟ ಅನ್ನುವುದು ಅವನಿಗೆ ಹೊಳೆದಿಲ್ಲ, ಪಾಪ. ನಿನಗೆ ಹೊಳೆದಿದೆ. ಅದಕ್ಕೇ ಆ ಅಂಚಿನ ಸಾಲು.

ಆ ವಾಲಿಸ್ ಸಿಂಪ್ಸನ್ ಬಗ್ಗೆ ಜನ ಆಡದ ಮಾತಿಲ್ಲ. ಮಾಟಗಾತಿ ಅನ್ನುವುದೊಂದು ಬಾಕಿ, ಅದನ್ನೂ ಅಂದಿರಬಹುದು. ಡಿಸೆಂಬರ್ 3ನೇ ತಾರೀಖು ಬ್ರಿಟನ್ನಿನ ಪತ್ರಿಕೆಗಳು ಅಷ್ಟು ದಿನ ಕಟ್ಟಿಕೊಂಡಿದ್ದ ಬಾಯಿ ಬಿಟ್ಟವು. ಅದೇ ದಿನ ಅವಳು ಇಂಗ್ಲೆಂಡು ಬಿಟ್ಟು ಫ್ರಾನ್ಸಿಗೆ ಹೋಗಿ, ಕಾನ್ ಊರಿನಲ್ಲಿ ಸ್ನೇಹಿತರ ಮನೆ ಸೇರಿದಳು. ಅಲ್ಲಿಂದ ಫೋನು. ಲೈನು ಸರಿಯಿಲ್ಲ, ಕಿರುಚಿ ಕಿರುಚಿ ಹೇಳಬೇಕು. ಏನು ಹೇಳುತ್ತಿದ್ದಳು ಗೊತ್ತಾ? ಬಿಡಬೇಡ ಅಂತ. 7ನೇ ತಾರೀಖು ಪತ್ರಿಕೆಗಳಿಗೆ ಹೇಳಿಕೆಯನ್ನೂ ಕೊಟ್ಟಳು, ಇದರಿಂದ ಬಿಕ್ಕಟ್ಟು ಬಗೆಹರಿಯುವುದಾದರೆ ನಾನು ಹಿಂದೆ ಸರಿಯಲು ಸಿದ್ಧ ಅಂತ. ಅವನು ಕೇಳಲಿಲ್ಲ. 10ಕ್ಕೆ ಮೂರು ಜನ ತಮ್ಮಂದಿರ ಎದುರಿಗೆ ರುಜು ಹಾಕಿದ, 11ರ ರಾತ್ರಿ ವಿಂಡ್ಸರ್ ಅರಮನೆಯಿಂದ ರೇಡಿಯೋದಲ್ಲಿ ಮಾತಾಡಿದ. ಪ್ರೀತಿಸಿದ ಹೆಂಗಸಿನ ಆಸರೆ ಇಲ್ಲದೆ ಈ ಭಾರ ಹೊರಲಾರೆ ಅಂದದ್ದನ್ನು ಲೋಕವೆಲ್ಲ ನೆನಪಿಟ್ಟುಕೊಂಡಿದೆ. ಅದೇ ಭಾಷಣದಲ್ಲಿ ಇನ್ನೊಂದು ಮಾತಿದೆ. ಈ ನಿರ್ಧಾರ ನನ್ನದು, ನನ್ನೊಬ್ಬನದೇ. ಇದರಲ್ಲಿ ಸೇರಿರುವ ಇನ್ನೊಬ್ಬರು ಕೊನೆಯವರೆಗೂ ಬೇಡ ಅಂತಲೇ ಹೇಳಿದರು ಅಂತ. ಆ ಹೊತ್ತಿಗೆ ಕಾನ್‌ನಲ್ಲಿ ಸೋಫಾದ ಮೇಲೆ ಮಲಗಿ, ಅಳು ಕಾಣದಿರಲಿ ಅಂತ ಕೈಗಳಿಂದ ಕಣ್ಣು ಮುಚ್ಚಿಕೊಂಡು ಕೇಳಿದೆ ಅಂತ ಅವಳೇ ಬರೆದುಕೊಂಡಿದ್ದಾಳೆ.

ಇಡೀ ಲೋಕಕ್ಕೆ ಕೇಳುವ ಹಾಗೆ ‘ನನ್ನೊಬ್ಬನದೇ’ ಅಂದ. ಆದರೂ ಲೆಕ್ಕ ಅವಳ ಹೆಸರಿಗೇ ಬಿತ್ತು, ನೋಡು.

ನಿಮ್ಮ ಮಾವ ಹಾಗೆ ರೇಡಿಯೋದಲ್ಲಿ ಹೇಳಿದವರಲ್ಲ. ಯಾರ ಹತ್ತಿರವೂ ಏನೂ ಹೇಳಿದವರಲ್ಲ. ತೀರ್ಥಹಳ್ಳಿ ಕಡೆಯ ಆ ಅಡಿಕೆ ತೋಟ, ಅವರಪ್ಪ, ಅದೆಲ್ಲ ಬಿಟ್ಟು ಬಂದು ಆದ ನಮ್ಮ ಮದುವೆ, ಇದೆಲ್ಲ ಮನೆಯಲ್ಲಿ ಗೊತ್ತಿರುವ ವಿಷಯವೇ. ಗೊತ್ತಿಲ್ಲದ್ದು ಒಂದಿದೆ. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಮದುವೆಯಾದ ಹೊಸದರಲ್ಲಿ ಚಾಮುಂಡಿಪುರಂನಲ್ಲಿ ಒಂದೂವರೆ ಕೋಣೆಯ ಬಾಡಿಗೆ ಮನೆ. ಬೆಳಿಗ್ಗೆ ಪತ್ರಿಕೆ ಬಂದರೆ ಗಂಡಸರು ಮೊದಲ ಪುಟ ನೋಡುತ್ತಾರೆ, ಇಲ್ಲ ಕ್ರಿಕೆಟ್ ನೋಡುತ್ತಾರೆ. ಇವರು ನೇರ ಒಳಗಿನ ಪುಟಕ್ಕೆ ಹೋಗುತ್ತಿದ್ದರು. ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ಧಾರಣೆ. ಅಡಿಕೆಯ ಒಂದೊಂದು ಬಗೆಗೂ ಬೆಲೆ, ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಎಷ್ಟು, ಗೊರಬಲು ಎಷ್ಟು. ಒಂದು ಹೋಳು ಅಡಿಕೆ ಮಾರುವುದಕ್ಕಿಲ್ಲ ಇವರ ಹತ್ತಿರ. ಆದರೂ ದಿನಾ. ಕಾಫಿ ಆರಿದರೂ ಪರವಾಗಿಲ್ಲ. ಮಳೆ ಜಾಸ್ತಿಯಾದ ವರ್ಷ ‘ಈ ಸಲ ಕೊಳೆರೋಗ ಬಿಡಲ್ಲ’ ಅಂತ ತಮ್ಮಷ್ಟಕ್ಕೇ ಹೇಳಿಕೊಳ್ಳುವರು. ನಾನು ಒಲೆ ಮುಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನಗೆ ಕೇಳಿಸುತ್ತಿದ್ದದ್ದು ಒಂದೇ: ಇಷ್ಟಕ್ಕಾ? ಈ ಒಂದೂವರೆ ಕೋಣೆಗಾ?

1972ರಲ್ಲಿ ಆ ಎಡ್ವರ್ಡ್ ಪ್ಯಾರಿಸಿನಲ್ಲಿ ತೀರಿಕೊಂಡ. ಮೇ 28. ಗಂಟಲಿನ ಕ್ಯಾನ್ಸರ್. ಹೆಣವನ್ನು ವಿಮಾನದಲ್ಲಿ ಇಂಗ್ಲೆಂಡಿಗೆ ತಂದು, ವಿಂಡ್ಸರ್‌ನಲ್ಲಿ ದರ್ಶನಕ್ಕಿಟ್ಟು, ಫ್ರಾಗ್‌ಮೋರ್‌ನಲ್ಲಿ ಮಣ್ಣು ಮಾಡಿದರು. ಪತ್ರಿಕೆಯಲ್ಲಿ ಅದನ್ನು ಓದಿ ಇವರು, ‘ಅಂತೂ ಮಣ್ಣಿಗಾದರೂ ಊರು ಸಿಕ್ಕಿತು’ ಅಂದರು. ಅಷ್ಟೇ. ಅಂದು ಸ್ನಾನಕ್ಕೆ ಎದ್ದು ಹೋದರು. ನನಗೆ ಆವತ್ತು ಶಾಲೆಗೆ ರಜೆ. ಇಡೀ ದಿನ ಆ ಮಾತನ್ನು ಕುಟ್ಟಿ ಪುಡಿ ಮಾಡಿದೆ.

ಐದಾರು ವರ್ಷ ಹೀಗೇ ನಡೆಯಿತು. ಒಂದು ದಿನ, ಯಾಕೋ, ಬಾಡಿಗೆ ಕೊಡಲು ದುಡ್ಡು ಸಾಲದ ತಿಂಗಳು ಇರಬೇಕು, ನಾನೇ ಸಿಡಿದೆ. ‘ದಿನಾ ಅದನ್ನೇ ಓದ್ತೀರಲ್ಲ, ನಾನು ಬಿಡಿ ಅಂದಿದ್ನಾ?’ ಇವರು ತಲೆಯೆತ್ತಿ ನೋಡಿದರು. ಏನೂ ಅನ್ನಲಿಲ್ಲ. ಪತ್ರಿಕೆ ಮಡಚಿಟ್ಟರು. ಮಾರನೇ ದಿನದಿಂದ ಮನೆಯಲ್ಲಿ ಆ ಪುಟ ತೆರೆಯಲಿಲ್ಲ. ಆಫೀಸಿಗೆ ಹೋಗುವ ದಾರಿಯಲ್ಲಿ ವಾಚನಾಲಯಕ್ಕೆ ಹೋಗಿ ಓದುತ್ತಿದ್ದರಂತೆ. ಹಾಗೆ ಅಂತ ನನಗೆ ಗೊತ್ತಾದದ್ದು ಅವರು ಹೋದ ಮೇಲೆ, 2009ರಲ್ಲಿ, ಅಲ್ಲಿ ಜೊತೆಗೆ ಕೂತು ಓದುತ್ತಿದ್ದವರೊಬ್ಬರು ಮಾತಾಡಿಸಿಕೊಂಡು ಹೋಗಲು ಬಂದಾಗ. ‘ಧಾರಣೆ ನೋಡದೆ ಏಳುತ್ತಿರಲಿಲ್ಲಮ್ಮಾ’ ಅಂದರು.

ಮೂವತ್ತು ವರ್ಷದ ಮೇಲಾಯಿತು ಸಿರಿ, ಒಂದು ಪುಟವನ್ನು ಹೆಂಡತಿಗೆ ಕಾಣದ ಹಾಗೆ ಓದಿದರು. ಅದು ‘ಇಷ್ಟಕ್ಕಾ’ನೋ, ಇಲ್ಲಾ ಬೆಳೆದ ತೋಟದ ಮೇಲೆ ಇರುವ ಬರೀ ಆಸೆಯೋ? ತವರಿನ ಕಡೆಯ ಬಸ್ಸು ಕಂಡರೆ ನಾನು ತಿರುಗಿ ನೋಡುವುದಿಲ್ಲವಾ, ಹಾಗೋ? ಕೇಳಿದ್ದರೆ ಗೊತ್ತಾಗುತ್ತಿತ್ತು. ನಾನು ಕೇಳಲಿಲ್ಲ, ಜಗಳ ಆಡಿದೆ. ‘ಬಿಡಿ ಅಂದಿದ್ನಾ’ ಅನ್ನುವುದು ಪ್ರಶ್ನೆಯಲ್ಲ.

ಎಲ್ಲಿಂದ ಎಲ್ಲಿಗೋ ಹೋದೆ. ನಿನ್ನ ವಿಷಯಕ್ಕೆ ಬರುತ್ತೇನೆ.

ಆ ರಾಜನ ಬಗ್ಗೆ ನಿವೃತ್ತಿಯಾದ ಮೇಲೆ ಬಿಡುವಿನಲ್ಲಿ ಒಂದಷ್ಟು ಓದಿದೆ. ಅವನು ದೊಡ್ಡ ಮನುಷ್ಯ ಅಂತ ನನಗೇನೂ ಅನ್ನಿಸಲಿಲ್ಲ. ಸಿಂಹಾಸನದ ಮೇಲೆ ಕೂತಾಗಲೇ ಅವನಿಗೆ ಅದು ಬೇಸರ. ಸರ್ಕಾರದ ಕೆಂಪು ಪೆಟ್ಟಿಗೆಯ ಕಾಗದಗಳನ್ನು ಸರಿಯಾಗಿ ನೋಡುತ್ತಲೂ ಇರಲಿಲ್ಲವಂತೆ. ಸಂಪ್ರದಾಯ, ಕಟ್ಟುಪಾಡು, ಅಪ್ಪನ ಕಾಲದ ಶಿಸ್ತು ಯಾವುದೂ ಸೇರದು. ಅರ್ಧ ಕಾಲು ಆಗಲೇ ಹೊಸ್ತಿಲಾಚೆ ಇತ್ತು ಅಂತ ನನ್ನ ಲೆಕ್ಕ. ವಾಲಿಸ್ ಇಲ್ಲದಿದ್ದರೂ ಅವನು ಒಳ್ಳೇ ರಾಜನಾಗುತ್ತಿದ್ದ ಅಂತ ನಂಬುವುದು ಕಷ್ಟ. ಆದರೆ ಬಿಟ್ಟದ್ದಷ್ಟೂ ಅವಳಿಗಾಗಿ ಅಂತ ಬರೆದುಕೊಂಡರು, ಅವನೂ ಹಾಗೇ ಹೇಳಿಕೊಂಡ. ಹೇಳಿಕೊಳ್ಳಲು ಚೆನ್ನಾಗಿರುತ್ತದಲ್ಲ.

ಅದಕ್ಕೇ, ತಪ್ಪು ತಿಳಿಯಬೇಡ, ನಿನ್ನ ಹುಡುಗನನ್ನು ಒಂದು ಮಾತು ಕೇಳು ಅಂತ ಅನ್ನಿಸುತ್ತೆ. ನಾನು ಇಲ್ಲದಿದ್ದರೆ ನೀನು ಆ ಅಂಗಡಿಯಲ್ಲಿ ಸಾಯುವ ತನಕ ಕೂರುತ್ತಿದ್ದೆಯಾ ಅಂತ. ಗಲ್ಲಾದ ಮುಂದೆ ಕೂತು ಅಪ್ಪನ ಕೈಲಿ ಬೈಸಿಕೊಳ್ಳುವುದು ಅವನಿಗೆ ಮೊದಲಿಂದಲೂ ಆಗದು ಅಂತ ಹೋದ ವರ್ಷ ನೀನೇ ಬರೆದಿದ್ದೆ. ಅವನು ಬಿಡುತ್ತಿರುವುದರಲ್ಲಿ ನಿನ್ನ ಪಾಲು ಎಷ್ಟು, ಅವನ ಬೇಸರದ ಪಾಲು ಎಷ್ಟು? ಈಗಲೇ ಕೇಳಿಟ್ಟುಕೊಂಡರೆ ಪೂರ್ತಿ ಸಾಲ ನಿನ್ನ ಹೆಸರಲ್ಲಿ ಬರೆದುಕೊಳ್ಳುವುದು ತಪ್ಪುತ್ತೆ. ನಾನು ಪೂರ್ತಿ ಬರೆದುಕೊಂಡಿದ್ದೆ. ನಿಮ್ಮ ಮಾವನಿಗೂ ಅವರಪ್ಪನಿಗೂ ನಾನು ಬರುವ ಎಷ್ಟೋ ಮೊದಲೇ ಮಾತು ಬಿಟ್ಟಿತ್ತು ಅಂತ ಮೈದುನ ಹೇಳುವವರೆಗೆ ನನಗೆ ತಿಳಿಯಲೇ ಇಲ್ಲ.

ಮೈದುನ ಅಂದಾಗ ನೆನಪಾಯಿತು. ಅಣ್ಣ ಬಿಟ್ಟಾಗ ಆ ಕಿರೀಟ ಹೋಗಿ ತಮ್ಮನ ತಲೆ ಮೇಲೆ ಕೂತಿತು. ಮಾತಾಡಲು ತೊದಲುವ ಮನುಷ್ಯ. ತಾಯಿಗೆ ವಿಷಯ ಹೇಳಿ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ ಅಂತ ಅವನೇ ದಿನಚರಿಯಲ್ಲಿ ಬರೆದಿದ್ದಾನೆ. 56ನೇ ವಯಸ್ಸಿಗೆ ಹೋಗಿಬಿಟ್ಟ. ನನ್ನ ಮೈದುನನಿಗೆ ಮೈಸೂರಿನಲ್ಲಿ ಎಂ.ಎಸ್‌ಸಿ. ಓದುವ ಆಸೆಯಿತ್ತು. ಅಣ್ಣ ಬಿಟ್ಟ ತೋಟಕ್ಕೆ ಅವನನ್ನು ಕಟ್ಟಿಹಾಕಿದರು. ಅವನು ಒಂದು ದಿನಕ್ಕೂ ನನ್ನನ್ನು ಆಡಿಕೊಂಡವನಲ್ಲ. ಪ್ರತಿ ವರ್ಷ ಒಂದು ಚೀಲ ಅಡಿಕೆ ಕಳಿಸುತ್ತಿದ್ದ. ನಿನ್ನ ಹುಡುಗನಿಗೆ ತಮ್ಮ ಇದ್ದಾನೋ ತಂಗಿಯೋ, ಬರೆದಿದ್ದೆ, ಮರೆತೆ. ಆ ಮಗುವಿಗೂ ಒಂದು ಫೋನು ಮಾಡಿ, ಏನಪ್ಪಾ ಅಂತ ವಿಚಾರಿಸಿ.

ದುಡ್ಡಿನ ವಿಷಯ ಹೇಳುವುದು ನನಗೆ ಸಂಕೋಚ. ಆದರೂ ಅವನ ಕೈಯಲ್ಲಿ ಎಷ್ಟಿದೆ, ಮನೆಯಿಂದ ಎಷ್ಟು ಬರುವುದಿದೆ, ಅವನು ಅದನ್ನು ಮರೆಮಾಚದೆ ಹೇಳಲಿ. ಎಡ್ವರ್ಡ್ ತನ್ನ ಹತ್ತಿರ ಇರುವುದೆಷ್ಟು ಅಂತ ತಮ್ಮನಿಗೆ ನಿಜ ಹೇಳದೆ ಭತ್ಯೆ ಕೇಳಿದ. ಅಣ್ಣತಮ್ಮಂದಿರ ನಡುವೆ ಅಲ್ಲಿಂದಲೂ ಹುಳಿ. ಮತ್ತೆ, ಬಿಟ್ಟು ಬಂದವನಿಗೆ ಮಾಡಲು ಕೆಲಸ ಬೇಕು. ಮದುವೆಯಾದ ನಾಲ್ಕೇ ತಿಂಗಳಿಗೆ, 1937ರ ಅಕ್ಟೋಬರಿನಲ್ಲಿ, ಇವರಿಬ್ಬರೂ ಜರ್ಮನಿಗೆ ಹೋಗಿ ಹಿಟ್ಲರನ ಕೈಕುಲುಕಿ ಬಂದರು. ಇಂಗ್ಲೆಂಡು ಅವಳಿಗೆ ‘ಹರ್ ರಾಯಲ್ ಹೈನೆಸ್’ ಅನ್ನುವ ಬಿರುದು ಕೊಡಲಿಲ್ಲ, ಮದುವೆಗೆ ಅವನ ಮನೆಯವರು ಒಬ್ಬರೂ ಬರಲಿಲ್ಲ. ಜರ್ಮನಿಯಲ್ಲಿ ರಾಣಿಯ ಮರ್ಯಾದೆ ಸಿಕ್ಕಿತು. ಆ ಬಿರುದಿಗಾಗಿ ಅವನು ಬದುಕಿರುವಷ್ಟು ಕಾಲ ಕಾದಾಡಿದ, ಮನೆಯ ಆಳುಗಳ ಬಾಯಲ್ಲಾದರೂ ಹಾಗೆ ಕರೆಸಿದ. ಅವಳಿಗೆ ಅದು ಬೇಕಿತ್ತೋ ಇಲ್ಲವೋ, ಅವನಿಗೆ ಬೇಕಿತ್ತು. ತಾನು ಬಿಟ್ಟದ್ದಕ್ಕೆ ಸಮನಾದದ್ದು ಏನಾದರೂ ಅವಳಿಗೆ ಕೊಡಿಸಲೇಬೇಕು ಅನ್ನುವ ಹಟ. ನಿನ್ನ ಹುಡುಗ ನಿಮ್ಮಪ್ಪನಿಂದಲೋ ಅವರಪ್ಪನಿಂದಲೋ ನಿನಗೆ ಮರ್ಯಾದೆ ಕೊಡಿಸಲು ಹೊರಟರೆ ತಡಿ. ಹೇಗೆ ತಡೆಯಬೇಕು ಅಂತ ನನ್ನನ್ನು ಕೇಳಬೇಡ, ನನಗೆ ಬಂದಿದ್ದರೆ ನನ್ನ ಕಥೆಯೇ ಬೇರೆ.

ಇನ್ನು ನೀನು ಕೇಳಿದ್ದಕ್ಕೆ. ಅವನು ‘ಇಷ್ಟಕ್ಕಾ’ ಅಂದುಕೊಂಡನಾ? ಎಡ್ವರ್ಡ್ 1951ರಲ್ಲಿ ತನ್ನ ಕಥೆ ಬರೆದ, ಅವಳು 1956ರಲ್ಲಿ. ಅವನ ಪುಸ್ತಕದಲ್ಲಿ ಪಶ್ಚಾತ್ತಾಪವಿಲ್ಲ. ಇದ್ದರೂ ಬರೆಯುತ್ತಿದ್ದನಾ? ಸಂಸಾರ ಮಾಡಿದ್ದು 35 ವರ್ಷಕ್ಕೆ ಆರು ದಿನ ಕಡಿಮೆ. ಗಾಲ್ಫ್ ಆಡಿದ, ಪ್ಯಾರಿಸಿನ ಹೊರಗೆ ಹಳೇ ಗಿರಣಿ ಮನೆ ಕೊಂಡು ಇಂಗ್ಲಿಷ್ ಮಾದರಿಯ ಕೈತೋಟ ಮಾಡಿದ. ಕಲ್ಲು ಜೋಡಿಸಿ, ನೀರು ಹರಿಸಿ, ತಾನೇ ಮಣ್ಣಲ್ಲಿ ಕೂತು. ಅದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟೆ, ನಮ್ಮ ಮನೆಯ ಧಾರಣೆಯ ಪುಟ ಕಣ್ಣ ಮುಂದೆ ಬಂತು. ವಾಲಿಸ್ ಒಲೆ ಮುಂದೆ ನಿಂತವಳಲ್ಲ, ಆದರೂ ಆ ತೋಟ ನೋಡಿ ಅವಳಿಗೂ ಏನೋ ಕೇಳಿಸಿರಬೇಕು. ಅವನು ಹೋದ ಮೇಲೆ 14 ವರ್ಷ ಒಬ್ಬಳೇ ಬದುಕಿದಳು, ಕೊನೆಗೆ ಹಾಸಿಗೆ ಹಿಡಿದು, ಮಾತೂ ನಿಂತು. 1986ರಲ್ಲಿ ತಂದು ಅವನ ಪಕ್ಕದಲ್ಲೇ ಮಣ್ಣು ಮಾಡಿದರು.

ಹತ್ತು ವರ್ಷ ಆದ ಮೇಲೆ ಅವನು ಒಂದೋ ಎರಡೋ ದಿನ ಹಾಗೆ ಅಂದುಕೊಂಡೇ ಅಂದುಕೊಳ್ಳುತ್ತಾನೆ ಸಿರಿ. ಇಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ನೀನೂ ಅಂದುಕೊಳ್ಳುತ್ತೀಯ, ಅವನು ಟವಲು ಹಾಸಿಗೆ ಮೇಲೆ ಬಿಸಾಕಿದ ಯಾವುದೋ ಬೆಳಿಗ್ಗೆ. ಅವತ್ತು ಅವನು ಅಂಗಡಿಯ ಹಳೇ ಫೋಟೋ ನೋಡುತ್ತಾ ಕೂತಿದ್ದರೆ ಪಕ್ಕದಲ್ಲಿ ಹೋಗಿ ಕೂತುಕೋ. ಯಾವ ಸೀರೆಗೆ ಎಷ್ಟಿತ್ತು ಆಗ ಅಂತ ಕೇಳು. ನಾನು ರಾಶಿಗೆ ಇವತ್ತು ಎಷ್ಟಾಯಿತು ಅಂತ ಒಂದು ದಿನವಾದರೂ ಕೇಳಬೇಕಿತ್ತು.

ಕೈ ನೋಯುತ್ತಿದೆ, ಅಕ್ಷರ ವಕ್ರವಾಗಿದ್ದರೆ ಹೊಂದಿಸಿಕೊಂಡು ಓದು. ನಿಮ್ಮಪ್ಪನ ಹತ್ತಿರ ನಾನು ಮಾತಾಡುತ್ತೇನೆ, ಹಬ್ಬ ಕಳೆಯಲಿ. ಹುರಿಹಿಟ್ಟು ಮಾಡಿಟ್ಟಿದ್ದೇನೆ, ಬಂದಾಗ ತೆಗೆದುಕೊಂಡು ಹೋಗು. ಅವನನ್ನೂ ಕರೆದುಕೊಂಡು ಬಾ. ಹೋದ ಸಲದ ಎರಡು ಸ್ಟೀಲ್ ಡಬ್ಬಿ ನಿನ್ನ ಹತ್ತಿರವೇ ಇವೆ, ಮರೆಯದೆ ತಾ.

ಇಂತಿ,
ನಿನ್ನ ಸರಸತ್ತೆ